ಎಂ.ಎನ್. ಶ್ರೀನಿವಾಸರ ವಿದ್ಯಾರ್ಥಿದೆಸೆಯ ಸಂಶೋಧನೆ: ಒಂದು ಮರುಪರಿಶೀಲನೆ

1

ಭಾರತೀಯ ಸಮಾಜಶಾಸ್ತ್ರದ ಚರಿತ್ರೆಯಲ್ಲಿ ಎಂ.ಎನ್. ಶ್ರೀನಿವಾಸರ (1916–1999) ಹೆಸರು ಮುಖ್ಯವಾಗಿ ಮೂರು ಪರಿಕಲ್ಪನೆಗಳೊಂದಿಗೆ ಬೆಸೆದುಕೊಂಡಿದೆ. ಸಂಸ್ಕೃತೀಕರಣ, ಪ್ರಬಲ ಜಾತಿ ಮತ್ತು ವೋಟ್ ಬ್ಯಾಂಕ್ ಎಂಬ ಈ ಮೂರೂ ಮಾತುಗಳು ಇಂದು ಶಾಸ್ತ್ರದ ಗಡಿಯನ್ನು ದಾಟಿ ವೃತ್ತಪತ್ರಿಕೆಯ ಭಾಷೆಯಾಗಿವೆ. ಕೊನೆಯ ಎರಡು ಪರಿಕಲ್ಪನೆಗಳು ಅವರು ‘ರಾಂಪುರ’ ಎಂದು ಕರೆದ ಮೈಸೂರು ಸೀಮೆಯ ಹಳ್ಳಿಯಲ್ಲಿ 1948ರಲ್ಲಿ ಕೈಗೊಂಡ ಅಧ್ಯಯನದ ಫಲಗಳು. ಮೊದಲನೆಯದು ಹಾಗಲ್ಲ. ಅದು ರೂಪುಗೊಂಡದ್ದು ಅವರು ಇನ್ನೂ ಸಂಶೋಧನ ವಿದ್ಯಾರ್ಥಿಯಾಗಿದ್ದ ಕಾಲದಲ್ಲಿ. ಅವರ ಹೆಸರನ್ನು ಜಗತ್ತಿಗೆ ಪರಿಚಯಿಸಿದ, 1952ರಲ್ಲಿ ಆಕ್ಸ್‌ಫರ್ಡಿನಿಂದ ಪ್ರಕಟವಾದ ‘ರಿಲಿಜನ್ ಅಂಡ್ ಸೊಸೈಟಿ ಅಮಂಗ್ ದಿ ಕೂರ್ಗ್ಸ್ ಆಫ್ ಸೌತ್ ಇಂಡಿಯಾ’ ಮೂಲತಃ ಒಬ್ಬ ವಿದ್ಯಾರ್ಥಿಯ ಪ್ರೌಢಪ್ರಬಂಧ.

ಆದರೂ ಶ್ರೀನಿವಾಸರ ವಿದ್ಯಾರ್ಥಿದೆಸೆ ವಿಮರ್ಶೆಯ ಗಂಭೀರ ಗಮನಕ್ಕೆ ಬಂದಿರುವುದು ಕಡಿಮೆ. ಅದನ್ನು ಸಾಮಾನ್ಯವಾಗಿ ಒಂದು ಮತಾಂತರದ ಕಥೆಯಾಗಿ ಹೇಳುವುದು ವಾಡಿಕೆ. ಮುಂಬಯಿಯಲ್ಲಿ ಜಿ.ಎಸ್. ಘುರ್ಯೆಯವರ ಬಳಿ ಗ್ರಂಥಗಳನ್ನು ಆಧರಿಸಿ ಕೆಲಸ ಮಾಡುತ್ತಿದ್ದ ತರುಣನೊಬ್ಬ ಆಕ್ಸ್‌ಫರ್ಡಿಗೆ ಹೋಗಿ ರ್‍ಯಾಡ್‌ಕ್ಲಿಫ್-ಬ್ರೌನ್ ಅವರಿಂದ ದೀಕ್ಷೆ ಪಡೆದು, ಪಠ್ಯದೃಷ್ಟಿಯನ್ನು ತೊರೆದು ಕ್ಷೇತ್ರದೃಷ್ಟಿಗೆ ಒಲಿದನೆಂಬುದು ಈ ಕಥೆಯ ಸಾರ. ಪಠ್ಯದೃಷ್ಟಿ ಮತ್ತು ಕ್ಷೇತ್ರದೃಷ್ಟಿ ಎಂಬ ವಿಂಗಡಣೆಗೆ ಸ್ವತಃ ಶ್ರೀನಿವಾಸರೇ ಪ್ರಚಾರ ಕೊಟ್ಟದ್ದರಿಂದ ಈ ಕಥೆಗೆ ಅಧಿಕೃತತೆಯೂ ಒದಗಿತು. 1936ರಿಂದ 1947ರವರೆಗಿನ ಅವರ ಅಧ್ಯಯನದ ಹಾದಿಯನ್ನು ಅದರ ಕೃತಿಗಳ ಮೂಲಕವೇ ಪರಿಶೀಲಿಸಿದಾಗ ಈ ಸರಳ ನಿರೂಪಣೆ ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂಬುದನ್ನು ವಿಚಾರ ಮಾಡುವುದು ಪ್ರಸ್ತುತ ಪ್ರಬಂಧದ ಉದ್ದೇಶ.

2

ಶ್ರೀನಿವಾಸರು ಹುಟ್ಟಿದ್ದು 1916ರ ನವೆಂಬರ್ 16ರಂದು, ಮೈಸೂರು ನಗರದಲ್ಲಿ. ಅದೇ ವರ್ಷದ ಜುಲೈನಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಗಿತ್ತು. ಅರಕೆರೆ ಎಂಬ ಗ್ರಾಮದ ಮೂಲವನ್ನುಳ್ಳ ಶ್ರೀವೈಷ್ಣವ ಬ್ರಾಹ್ಮಣ ಕುಟುಂಬವೊಂದು ವಿದ್ಯಾಭ್ಯಾಸ ಮತ್ತು ಸರ್ಕಾರಿ ಉದ್ಯೋಗಗಳ ಸೆಳೆತಕ್ಕೆ ಒಳಗಾಗಿ ನಗರಕ್ಕೆ ಬಂದು ನೆಲೆಸಿದ ಹಿನ್ನೆಲೆ ಅವರದು. ಅವರು ಬೆಳೆಯುತ್ತಿದ್ದ ಕಾಲದ ಮೈಸೂರು ಸಂಸ್ಥಾನದಲ್ಲಿ ಜಾತಿ ಕೇವಲ ಮನೆಯೊಳಗಿನ ಆಚಾರದ ಸಂಗತಿಯಾಗಿ ಉಳಿದಿರಲಿಲ್ಲ. 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿಯ ಶಿಫಾರಸುಗಳ ನಂತರ ಸರ್ಕಾರಿ ಹುದ್ದೆಗಳಲ್ಲಿ ಬ್ರಾಹ್ಮಣೇತರರ ಪ್ರಾತಿನಿಧ್ಯದ ಪ್ರಶ್ನೆ ಸಾರ್ವಜನಿಕ ಜೀವನದ ಮುಖ್ಯ ಪ್ರಶ್ನೆಯಾಗಿತ್ತು. ಜಾತಿಯ ಸ್ಥಾನಮಾನ ಬದಲಾಗಬಲ್ಲದು, ಅದಕ್ಕಾಗಿ ಜನ ಸಂಘಟಿತರಾಗಬಲ್ಲರು ಎಂಬ ತಿಳಿವಳಿಕೆ ಆ ನಗರದ ವಾತಾವರಣದಲ್ಲಿಯೇ ಇತ್ತು. ಮುಂದೆ 1966ರ ‘ಸೋಷಿಯಲ್ ಚೇಂಜ್ ಇನ್ ಮಾಡರ್ನ್ ಇಂಡಿಯಾ’ ಕೃತಿಯಲ್ಲಿ ಶ್ರೀನಿವಾಸರು ಹಿಂದುಳಿದ ವರ್ಗಗಳ ಚಳವಳಿಯನ್ನು ಚರ್ಚಿಸುವಾಗ ಮೈಸೂರಿನ ಉದಾಹರಣೆಯನ್ನು ವಿಸ್ತಾರವಾಗಿ ಬಳಸಿಕೊಂಡದ್ದು ಆಕಸ್ಮಿಕವಲ್ಲ.

ಮಹಾರಾಜಾ ಕಾಲೇಜಿನಲ್ಲಿ ಅವರು ಆಯ್ದುಕೊಂಡ ವಿಷಯ ಸಾಮಾಜಿಕ ತತ್ತ್ವಶಾಸ್ತ್ರದ ಆನರ್ಸ್. ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾದ ಎ.ಆರ್. ವಾಡಿಯಾ ಅವರ ಮುಂದಾಳತನದಲ್ಲಿ ನಡೆಯುತ್ತಿದ್ದ ಈ ತರಗತಿಯಲ್ಲಿ ಸಮಾಜಶಾಸ್ತ್ರ, ಸಾಮಾಜಿಕ ಮಾನವಶಾಸ್ತ್ರ ಮತ್ತು ರಾಜಕೀಯ ಚಿಂತನೆ ಒಟ್ಟಿಗೆ ಬರುತ್ತಿದ್ದವು. ವಿಷಯದ ವ್ಯಾಪ್ತಿ ದೊಡ್ಡದು. ವಿದ್ಯಾರ್ಥಿ ಪುಸ್ತಕದಿಂದ ಹೊರಗೆ ನೋಡುವ ಅವಕಾಶ ಮಾತ್ರ ಕಡಿಮೆ. 1936ರಲ್ಲಿ ಪದವಿ ಮುಗಿಸಿ ಶ್ರೀನಿವಾಸರು ಮುಂಬಯಿ ವಿಶ್ವವಿದ್ಯಾನಿಲಯದ ಸಮಾಜಶಾಸ್ತ್ರ ವಿಭಾಗವನ್ನು ಸೇರಿದರು. ಅಲ್ಲಿ ಎಂ.ಎ. ಜೊತೆಗೆ ಕಾನೂನು ಪದವಿಯನ್ನೂ ಪಡೆದರು.

1919ರಲ್ಲಿ ಪ್ಯಾಟ್ರಿಕ್ ಗೆಡ್ಡಿಸ್ ಅವರಿಂದ ಆರಂಭವಾದ ಆ ವಿಭಾಗ 1924ರಿಂದ ಘುರ್ಯೆಯವರ ಕೈಯಲ್ಲಿತ್ತು. ಇರಾವತಿ ಕರ್ವೆ, ಕೆ.ಎಂ. ಕಪಾಡಿಯಾ, ಎ.ಆರ್. ದೇಸಾಯಿ ಮುಂತಾಗಿ ಮುಂದಿನ ತಲೆಮಾರಿನ ಪ್ರಮುಖ ವಿದ್ವಾಂಸರು ಅಲ್ಲಿಂದಲೇ ಹೊರಬಂದರು. ಘುರ್ಯೆಯವರು ಸಂಸ್ಕೃತ ಪಂಡಿತರು, ಕೇಂಬ್ರಿಜ್‌ನಲ್ಲಿ ಡಬ್ಲ್ಯು.ಎಚ್.ಆರ್. ರಿವರ್ಸ್ ಅವರ ಶಿಷ್ಯರಾಗಿದ್ದವರು. ಅವರ ‘ಕಾಸ್ಟ್ ಅಂಡ್ ರೇಸ್ ಇನ್ ಇಂಡಿಯಾ’ 1932ರಲ್ಲಿ ಪ್ರಕಟವಾಗಿತ್ತು. ಭಾರತದ ಯಾವುದೇ ಸಾಮಾಜಿಕ ಸಂಸ್ಥೆಯನ್ನು ಅರಿಯಲು ಅದರ ಚರಿತ್ರೆಯನ್ನೂ ಪ್ರಾದೇಶಿಕ ಹರಹನ್ನೂ ಅರಿಯಬೇಕೆಂಬುದು ಅವರ ನಿಲುವು. ಮೈಸೂರು ಸೀಮೆಯ ಕನ್ನಡ ಜಾತಿಗಳಲ್ಲಿ ಮದುವೆ ಮತ್ತು ಕುಟುಂಬ ಎಂಬ ವಿಷಯವನ್ನು ಎಂ.ಎ. ಪ್ರಬಂಧಕ್ಕಾಗಿ ಶ್ರೀನಿವಾಸರಿಗೆ ಸೂಚಿಸಿದವರೂ ಅವರೇ.

3

1942ರಲ್ಲಿ ‘ಮ್ಯಾರೇಜ್ ಅಂಡ್ ಫ್ಯಾಮಿಲಿ ಇನ್ ಮೈಸೂರ್’ ಎಂಬ ಹೆಸರಿನಲ್ಲಿ ಪ್ರಕಟವಾದ ಈ ಪ್ರಬಂಧವನ್ನು ಇಂದಿನ ಓದುಗರು ಸಾಮಾನ್ಯವಾಗಿ ಉಪೇಕ್ಷಿಸುತ್ತಾರೆ. ಮೈಸೂರಿನ ಜಾತಿಗಳ ಬಗ್ಗೆ ಆಗ ಲಭ್ಯವಿದ್ದ ದೊಡ್ಡ ಆಕರವೆಂದರೆ ಎಚ್.ವಿ. ನಂಜುಂಡಯ್ಯ ಮತ್ತು ಎಲ್.ಕೆ. ಅನಂತಕೃಷ್ಣ ಅಯ್ಯರ್ ಅವರ ‘ದಿ ಮೈಸೂರ್ ಟ್ರೈಬ್ಸ್ ಅಂಡ್ ಕಾಸ್ಟ್ಸ್’ (1928–35). ಕನ್ನಡ ಸಾಹಿತ್ಯ ಪರಿಷತ್ತಿನ ಪ್ರಥಮಾಧ್ಯಕ್ಷರೂ ಮೈಸೂರು ವಿಶ್ವವಿದ್ಯಾನಿಲಯದ ಪ್ರಥಮ ಕುಲಪತಿಗಳೂ ಆಗಿದ್ದ ನಂಜುಂಡಯ್ಯನವರ ಕಾಲದ ಜನಾಂಗ ವಿವರಣೆಯ ಮಾದರಿಯಲ್ಲಿ ಪ್ರತಿಯೊಂದು ಜಾತಿಗೂ ಒಂದೊಂದು ಅಧ್ಯಾಯ. ಅದರೊಳಗೆ ಹುಟ್ಟು, ಮದುವೆ, ಸಾವು, ದೈವಗಳ ವಿವರ. ಇಂತಹ ಸಂಗ್ರಹಗಳನ್ನು ನೆಚ್ಚಿದ ಪ್ರಬಂಧದಲ್ಲಿ ಜಾತಿ ಜಾತಿಗಳ ನಡುವಣ ದಿನನಿತ್ಯದ ವ್ಯವಹಾರ ಕಾಣಿಸುವುದು ಕಷ್ಟ. ಯಾವ ಊರಿನ, ಯಾವ ಕಾಲದ ಪದ್ಧತಿ ಎಂಬ ಪ್ರಶ್ನೆಗೂ ಅಲ್ಲಿ ಖಚಿತ ಉತ್ತರ ಸಿಗುವುದಿಲ್ಲ. ಇದು ಆ ಕೃತಿಯ ನಿಜವಾದ ಮಿತಿ.

ಆದರೆ ಆ ಮಿತಿಯ ಒಳಗೆ ಒಂದು ಮಹತ್ವದ ಸಾಧ್ಯತೆಯೂ ಅಡಗಿತ್ತು. ಒಂದೇ ಸಂಸ್ಥಾನದ ಅನೇಕ ಜಾತಿಗಳ ಮದುವೆಯ ಕ್ರಮಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದವನಿಗೆ ಅವುಗಳ ನಡುವಿನ ಚಲನೆ ಕಣ್ಣಿಗೆ ಬೀಳದೆ ಇರದು. ಹೆಣ್ಣಿಗೆ ತೆರ ಕೊಡುವ ಪದ್ಧತಿ, ವಿಧವೆಯರ ಕೂಡಾವಳಿ, ವಿಚ್ಛೇದನಕ್ಕೆ ಇದ್ದ ಅವಕಾಶ ಇವೆಲ್ಲವೂ ಅನೇಕ ಜಾತಿಗಳಲ್ಲಿ ರೂಢಿಯಲ್ಲಿದ್ದವು. ಮೇಲೇರಬಯಸುವ ಕುಟುಂಬಗಳು ಮೊದಲು ಕೈಬಿಡುತ್ತಿದ್ದುದೂ ಇವನ್ನೇ. ಬ್ರಾಹ್ಮಣರ ವಿವಾಹನೀತಿಯನ್ನು ಅನುಸರಿಸುವುದು ಗೌರವದ ಗುರುತಾಗುತ್ತಿತ್ತು. ಈ ಗೌರವದ ಬೆಲೆಯನ್ನು ಹೆಚ್ಚಾಗಿ ತೆರುತ್ತಿದ್ದವರು ಹೆಂಗಸರು ಎಂಬುದನ್ನೂ ಇಲ್ಲಿ ನೆನೆಯಬೇಕು. ಜಾತಿಯ ಮೇಲ್ಮುಖ ಚಲನೆಯ ಚರ್ಚೆಗೆ ಮದುವೆ ಮತ್ತು ಕುಟುಂಬಕ್ಕಿಂತ ಹತ್ತಿರದ ದಾರಿ ಬೇರೊಂದಿಲ್ಲ. ಆ ವಿಷಯವನ್ನು ತರುಣ ಸಂಶೋಧಕನ ಮುಂದಿಟ್ಟದ್ದು ಗ್ರಂಥನಿಷ್ಠವೆಂದು ಹೀಗಳೆಯಲಾದ ಮುಂಬಯಿ ಪರಂಪರೆಯೇ ಎಂಬುದು ಗಮನಾರ್ಹ.

ಇದೇ ಅವಧಿಯಲ್ಲಿ ಶ್ರೀನಿವಾಸರು ತಮಿಳು ಮತ್ತು ತೆಲುಗು ಜನಪದ ಗೀತೆಗಳ ಬಗೆಗೂ ಲೇಖನಗಳನ್ನು ಬರೆದರು. ಘುರ್ಯೆಯವರ ಸಹಾಯಕ ಸಂಶೋಧಕರಾಗಿ ದಕ್ಷಿಣ ಭಾರತದಲ್ಲಿ ಸಂಚರಿಸಿದಾಗ ದೊರೆತ ಸಾಮಗ್ರಿ ಅದು. ಒಟ್ಟಿನಲ್ಲಿ ಮುಂಬಯಿಯ ವಿದ್ಯಾರ್ಥಿ ಗ್ರಂಥಾಲಯದಲ್ಲಿಯೇ ಕುಳಿತಿದ್ದವನಲ್ಲ. ಅವನಿಗೆ ಕ್ಷೇತ್ರವಿತ್ತು, ಇಲ್ಲದಿದ್ದುದು ಒಂದೇ ಊರಿನಲ್ಲಿ ದೀರ್ಘಕಾಲ ನೆಲೆಸುವ ಶಿಸ್ತು.

4

ಪಿಎಚ್.ಡಿ. ಪದವಿಗಾಗಿ ಆಯ್ದುಕೊಂಡ ಕೊಡವರ ಅಧ್ಯಯನವೂ ಘುರ್ಯೆಯವರ ಪ್ರೇರಣೆಯಿಂದಲೇ ಆರಂಭವಾಯಿತು. ಆಗ ಕೊಡಗು ಮೈಸೂರಿಗೆ ಸೇರಿರಲಿಲ್ಲ. ಚೀಫ್ ಕಮಿಷನರ್ ಆಡಳಿತದ ಪ್ರತ್ಯೇಕ ಪ್ರಾಂತವಾಗಿತ್ತು. 1940ರ ದಶಕದ ಮೊದಲ ವರ್ಷಗಳಲ್ಲಿ ಶ್ರೀನಿವಾಸರು ಅಲ್ಲಿಗೆ ಹಲವು ಬಾರಿ ಭೇಟಿ ನೀಡಿದರು. ದೀರ್ಘವಾಸ ಸಾಧ್ಯವಾಗದಿದ್ದರೂ ಆಕರಗಳ ಕೊರತೆಯಿರಲಿಲ್ಲ. ನಡಿಕೇರಿಯಂಡ ಚಿಣ್ಣಪ್ಪನವರು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದ ‘ಪಟ್ಟೋಲೆ ಪಳಮೆ’ ಕೊಡವ ಹಾಡು, ಗಾದೆ, ಹಬ್ಬ, ಸಂಸ್ಕಾರಗಳ ಕೋಶದಂತಿತ್ತು. ಕನ್ನಡ ಲಿಪಿಯಲ್ಲಿ ಅಚ್ಚಾದ ಈ ಗ್ರಂಥ ಶ್ರೀನಿವಾಸರ ವಿಶ್ಲೇಷಣೆಗೆ ಆಧಾರಸ್ತಂಭವಾಯಿತು. 1944ರಲ್ಲಿ ಸಲ್ಲಿಸಿದ ಮಹಾಪ್ರಬಂಧ ಎರಡು ಸಂಪುಟಗಳ ಬೃಹತ್ ಕೃತಿ. ಕೊಡವರ ಬದುಕಿನ ಬಗ್ಗೆ ತಿಳಿಯಬಹುದಾದುದನ್ನೆಲ್ಲ ಒಂದೆಡೆ ಕಲೆಹಾಕುವ ಹಂಬಲ ಅದರದು.

1945ರಲ್ಲಿ ಶ್ರೀನಿವಾಸರು ಆಕ್ಸ್‌ಫರ್ಡನ್ನು ಸೇರಿದರು. ಅಲ್ಲಿ ರ್‍ಯಾಡ್‌ಕ್ಲಿಫ್-ಬ್ರೌನ್ ಅವರು ಹೊಸ ಕ್ಷೇತ್ರಕ್ಕೆ ಕಳುಹಿಸುವ ಬದಲು, ಕೈಯಲ್ಲಿದ್ದ ಕೊಡಗಿನ ಸಾಮಗ್ರಿಯನ್ನೇ ಧರ್ಮ ಮತ್ತು ಸಮಾಜರಚನೆಯ ಸಂಬಂಧದ ದೃಷ್ಟಿಯಿಂದ ಮತ್ತೆ ವಿಶ್ಲೇಷಿಸಲು ಸೂಚಿಸಿದರು. 1946ರಲ್ಲಿ ಅವರು ನಿವೃತ್ತರಾದ ಮೇಲೆ ಇ.ಇ. ಇವಾನ್ಸ್-ಪ್ರಿಚರ್ಡ್ ಮಾರ್ಗದರ್ಶಕರಾದರು. 1947ರಲ್ಲಿ ಡಿ.ಫಿಲ್. ಪದವಿ ದೊರೆಯಿತು. ಐದು ವರ್ಷಗಳ ನಂತರ ಅದು ರ್‍ಯಾಡ್‌ಕ್ಲಿಫ್-ಬ್ರೌನ್ ಅವರ ಮುನ್ನುಡಿಯೊಂದಿಗೆ ಗ್ರಂಥರೂಪದಲ್ಲಿ ಬಂದಿತು.

ಮತಾಂತರದ ಕಥೆ ಕಡೆಗಣಿಸುವ ಮುಖ್ಯ ಸಂಗತಿ ಇಲ್ಲಿದೆ. ಮುಂಬಯಿಯ ಮಹಾಪ್ರಬಂಧಕ್ಕೂ ಆಕ್ಸ್‌ಫರ್ಡಿನ ಪ್ರಬಂಧಕ್ಕೂ ಸಾಮಗ್ರಿಯ ದೃಷ್ಟಿಯಿಂದ ಮೂಲಭೂತ ಅಂತರವಿಲ್ಲ. ಎರಡರ ನಡುವೆ ಕೊಡಗಿನಲ್ಲಿ ಹೊಸ ದೀರ್ಘಾವಧಿಯ ಕ್ಷೇತ್ರಕಾರ್ಯ ನಡೆಯಲಿಲ್ಲ. ಬದಲಾದದ್ದು ಪ್ರಶ್ನೆ. ಮೊದಲ ಪ್ರಬಂಧ ಕೊಡವರ ಪದ್ಧತಿಗಳು ಯಾವುವು ಎಂದು ಕೇಳಿತು; ಎರಡನೆಯದು ಈ ಪದ್ಧತಿಗಳು ಯಾರನ್ನು ಯಾರೊಂದಿಗೆ ಕಟ್ಟಿಹಾಕುತ್ತವೆ ಎಂದು ಕೇಳಿತು. ಪಿತೃವಂಶೀಯ ಕೂಡುಕುಟುಂಬವಾದ ಒಕ್ಕ, ಅದರ ಭೂಮಿ, ಅದರ ಪೂರ್ವಜರಾದ ಕಾರಣವರ ಆರಾಧನೆ, ಪುತ್ತರಿ ಹಬ್ಬದ ಕದಿರು ತರುವ ಕ್ರಮ, ಊರದೇವತೆಯ ಹಬ್ಬದಲ್ಲಿ ಬೇರೆ ಬೇರೆ ಜಾತಿಗಳ ಕರ್ತವ್ಯ ಇವು ಮೊದಲು ಬಿಡಿ ವಿವರಗಳಾಗಿದ್ದವು. ಹೊಸ ಪ್ರಶ್ನೆಯ ಬೆಳಕಿನಲ್ಲಿ ಅವು ಒಕ್ಕ, ಊರು, ನಾಡು ಎಂಬ ಒಂದಕ್ಕಿಂತ ಒಂದು ದೊಡ್ಡದಾದ ವರ್ತುಲಗಳ ಐಕ್ಯವನ್ನು ಕಾಪಾಡುವ ಆಚರಣೆಗಳಾಗಿ ಕಂಡವು. ‘ಮಂಗಲ’ ಮತ್ತು ‘ಪೊಲೆ’ ಎಂಬ ಎರಡು ಮಾತುಗಳ ಸುತ್ತ ಶ್ರೀನಿವಾಸರು ಬಿಡಿಸಿ ತೋರಿಸುವ ಆಚರಣೆಯ ಭಾಷೆ ಈ ಪುನರ್ವಿಶ್ಲೇಷಣೆಯ ಅತ್ಯುತ್ತಮ ಫಲ. ಆದ್ದರಿಂದ ಆಕ್ಸ್‌ಫರ್ಡಿನಲ್ಲಿ ನಡೆದದ್ದು ಪಠ್ಯದಿಂದ ಕ್ಷೇತ್ರಕ್ಕೆ ಪಯಣವಲ್ಲ. ಸಂಗ್ರಹದಿಂದ ಸಮಸ್ಯೆಗೆ ಪಯಣ. ಕ್ಷೇತ್ರದ ಕಡೆಗಿನ ನಿಜವಾದ ತಿರುವು ಬಂದದ್ದು ವಿದ್ಯಾರ್ಥಿದೆಸೆ ಮುಗಿದ ಮೇಲೆ, 1948ರ ರಾಂಪುರದಲ್ಲಿ.

5

ಇಬ್ಬರು ಗುರುಗಳ ನಡುವಿನ ವಿರೋಧವೂ ಹೊರನೋಟಕ್ಕೆ ಕಾಣುವಷ್ಟು ಸಂಪೂರ್ಣವಾದುದಲ್ಲ. ಘುರ್ಯೆಯವರಂತೆ ರ್‍ಯಾಡ್‌ಕ್ಲಿಫ್-ಬ್ರೌನ್ ಕೂಡ ಕೇಂಬ್ರಿಜ್‌ನಲ್ಲಿ ರಿವರ್ಸ್ ಅವರ ಶಿಷ್ಯರು. ಮಾನವಶಾಸ್ತ್ರದಲ್ಲಿ ರಿವರ್ಸ್ ಅವರ ಮೊದಲ ಶಿಷ್ಯರೆಂಬ ಖ್ಯಾತಿಯೂ ಅವರದು. ನೀಲಗಿರಿಯ ತೊದವರ ಬಗ್ಗೆ 1906ರಲ್ಲಿ ಗ್ರಂಥ ಬರೆದ ರಿವರ್ಸ್ ಅವರಲ್ಲಿಯೇ ಎರಡು ಒಲವುಗಳಿದ್ದವು. ರಕ್ತಸಂಬಂಧದ ವ್ಯವಸ್ಥೆಯನ್ನು ವಂಶಾವಳಿಯ ಮೂಲಕ ಕಟ್ಟುನಿಟ್ಟಾಗಿ ಪರಿಶೀಲಿಸುವುದು ಒಂದು. ಸಂಸ್ಕೃತಿಯ ಅಂಶಗಳು ನಾಡಿನಿಂದ ನಾಡಿಗೆ ಹರಡಿದ ಬಗೆಯನ್ನು ಹುಡುಕುವುದು ಇನ್ನೊಂದು. ಮೊದಲನೆಯ ಎಳೆಯನ್ನು ಹಿಡಿದ ರ್‍ಯಾಡ್‌ಕ್ಲಿಫ್-ಬ್ರೌನ್ ಊಹಾಧಾರಿತ ಚರಿತ್ರೆಯನ್ನು ನಿರಾಕರಿಸಿ ಸಮಾಜರಚನೆಯ ಶಾಸ್ತ್ರವನ್ನು ಕಟ್ಟಿದರು. ಎರಡನೆಯ ಎಳೆಯನ್ನು ಘುರ್ಯೆಯವರು ಭಾರತದ ಚರಿತ್ರೆ ಮತ್ತು ಸಂಸ್ಕೃತ ವಾಙ್ಮಯದ ನೆಲೆಯಲ್ಲಿ ಬೆಳೆಸಿದರು. ಶ್ರೀನಿವಾಸರ ವಿದ್ಯಾರ್ಥಿದೆಸೆಯಲ್ಲಿ ಒಂದೇ ಮನೆತನದ ಈ ಎರಡು ಕವಲುಗಳು ಮತ್ತೆ ಎದುರುಬದುರಾದವು.

ಈ ಸಂಗಮದ ಸಂತಾನವೇ ಸಂಸ್ಕೃತೀಕರಣ. ಕೊಡವರ ಗ್ರಂಥ ಹಿಂದೂ ಧರ್ಮವನ್ನು ಅದರ ಹರಹಿಗನುಗುಣವಾಗಿ ಅಖಿಲ ಭಾರತ, ದಕ್ಷಿಣ ಪರ್ಯಾಯದ್ವೀಪ, ಪ್ರಾದೇಶಿಕ ಮತ್ತು ಸ್ಥಳೀಯ ಎಂದು ವಿಂಗಡಿಸುತ್ತದೆ. ಹರಹನ್ನು ಕುರಿತ ಈ ಆಸಕ್ತಿ ಮುಂಬಯಿಯ ಬಳುವಳಿ. ಕೆಳಗಿನ ಜಾತಿಯೊಂದು ಮಾಂಸ ಮದ್ಯಗಳನ್ನು ಬಿಟ್ಟು, ತನ್ನ ಆಚರಣೆ ಮತ್ತು ದೈವಗಳನ್ನು ಸಂಸ್ಕೃತಮಯಗೊಳಿಸಿಕೊಂಡು ಒಂದೆರಡು ತಲೆಮಾರುಗಳಲ್ಲಿ ಮೇಲಿನ ಸ್ಥಾನಕ್ಕೆ ಹಕ್ಕು ಸಾಧಿಸುತ್ತದೆಂಬ ವಿವರಣೆ ಕಾಲದಲ್ಲಿ ನಡೆಯುವ ಬದಲಾವಣೆಯೊಂದರ ವಿವರಣೆ. ಸಮಾಜದ ಸಮತೋಲವನ್ನು ಮುಖ್ಯವೆಂದು ಬಗೆದ ಕಾರ್ಯವಾದದಿಂದ ಮಾತ್ರ ಅದು ಹುಟ್ಟಲಾರದು. ಹಾಗೆಯೇ, ಸ್ಥಾನಮಾನದ ಶ್ರೇಣಿಯನ್ನು ಒಂದು ಜೀವಂತ ರಚನೆಯಾಗಿ ಕಾಣುವ ಆಕ್ಸ್‌ಫರ್ಡಿನ ಶಿಸ್ತಿಲ್ಲದೆ ಕೇವಲ ಪದ್ಧತಿಗಳ ಹರಡುವಿಕೆಯ ವಿವರದಿಂದಲೂ ಅದು ಹೊಮ್ಮಲಾರದು. ಬ್ರಾಹ್ಮಣೀಕರಣವೆಂಬ ಮಾತಿಗಿಂತ ಸಂಸ್ಕೃತೀಕರಣವನ್ನು ಶ್ರೀನಿವಾಸರು ಮೆಚ್ಚಿದ್ದಕ್ಕೆ ಅವರು 1956ರ ಲೇಖನದಲ್ಲಿ ಕೊಡುವ ಕಾರಣಗಳಲ್ಲಿಯೂ, ವೇದಕಾಲದ ಬ್ರಾಹ್ಮಣರ ಆಚಾರ ಇಂದಿನವರದ್ದಕ್ಕಿಂತ ಭಿನ್ನವಾಗಿತ್ತೆಂಬ ಚಾರಿತ್ರಿಕ ವಿವೇಕ ಎದ್ದು ಕಾಣುತ್ತದೆ.

ಪರಿಕಲ್ಪನೆಗೂ ಅದರ ಜನ್ಮಸ್ಥಳಕ್ಕೂ ನಡುವೆ ಒಂದು ಬಿಗಿತವೂ ಇದೆ. ಕೊಡವರು ಹಂದಿಯ ಮಾಂಸವನ್ನೂ ಮದ್ಯವನ್ನೂ ಬಿಟ್ಟವರಲ್ಲ. ಬೇಟೆ ಮತ್ತು ಆಯುಧಗಳನ್ನು ಗೌರವಿಸುವವರು. ಕೈಲ್‌ಪೋಳ್ದ್ ಆಯುಧಗಳಿಗೇ ಮೀಸಲಾದ ಹಬ್ಬ. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಬ್ರಾಹ್ಮಣರ ಪ್ರಭಾವಕ್ಕೆ ಒಳಗಾಗಿ ಸಸ್ಯಾಹಾರಿಗಳಾಗಿ ಜನಿವಾರ ಧರಿಸಿದ ಅಮ್ಮ ಕೊಡವರ ನಿದರ್ಶನವನ್ನು ಶ್ರೀನಿವಾಸರು ಕೊಡುತ್ತಾರೆ. ಆದರೆ ಆ ಗುಂಪು ಉಳಿದವರಿಂದ ಬೇರ್ಪಟ್ಟು ತನ್ನೊಳಗೇ ಮದುವೆಯಾಗುವ ಸಣ್ಣ ಸಮುದಾಯವಾಯಿತೇ ಹೊರತು ಬಹುಸಂಖ್ಯಾತ ಕೊಡವರಿಗೆ ಆದರ್ಶವಾಗಲಿಲ್ಲ. ಆಹಾರ ಮತ್ತು ಆಚಾರದ ಶುದ್ಧಿಯನ್ನು ಅವಲಂಬಿಸದೆ, ಭೂಮಿ, ಶೌರ್ಯ ಮತ್ತು ಆಡಳಿತದ ಸಾಮೀಪ್ಯದಿಂದಲೂ ಮೇಲ್ಮೆ ಸಾಧ್ಯ ಎಂಬುದನ್ನು ಕೊಡಗು ತೋರಿಸುತ್ತಿತ್ತು. ಕ್ಷತ್ರಿಯ ಮೊದಲಾದ ಇತರ ಮಾದರಿಗಳನ್ನು ಶ್ರೀನಿವಾಸರು ಸ್ಪಷ್ಟವಾಗಿ ಒಳಗೊಳ್ಳುವುದು ಮುಂದಿನ ಬರಹಗಳಲ್ಲಿ. 1950ರ ದಶಕದ ಕೊನೆಯಲ್ಲಿ ಈ ಗ್ರಂಥವನ್ನು ದೀರ್ಘವಾಗಿ ವಿಮರ್ಶಿಸಿದ ಲೂಯಿ ದ್ಯುಮೊ ಮತ್ತು ಡೇವಿಡ್ ಪೋಕಾಕ್ ಅವರು ಹಿಂದೂ ಧರ್ಮವನ್ನು ಹೀಗೆ ಸ್ತರಗಳಾಗಿ ವಿಂಗಡಿಸುವುದನ್ನೇ ಪ್ರಶ್ನಿಸಿದ್ದು ಕೃತಿಯ ಮಹತ್ವಕ್ಕೂ ಅದರ ಅಸಮರ್ಪಕತೆಗೂ ಸಾಕ್ಷಿ.

6

ಎರಡು ತರಬೇತಿಗಳೂ ಕೇಳದ ಪ್ರಶ್ನೆಯೊಂದಿತ್ತು. ಸಂಶೋಧಕನಿಗೆ ವಿವರಗಳನ್ನು ಒದಗಿಸಿದವರು ಯಾರು? ಊರ ಹಬ್ಬದಲ್ಲಿ ಬಣ್ಣ, ಮೇದ, ಪೊಲೆಯ ಮೊದಲಾದವರು ಸಲ್ಲಿಸುವ ಸೇವೆಯನ್ನು ಕೊಡವರ ಗ್ರಂಥ ಜಾತಿಗಳ ಸಹಕಾರವೆಂದು ವರ್ಣಿಸುತ್ತದೆ. ಈ ಸಹಕಾರ ಡೋಲು ಹೊಡೆಯುವವನಿಗೂ ಗದ್ದೆಯಲ್ಲಿ ದುಡಿಯುವವನಿಗೂ ಹೇಗೆ ಕಾಣುತ್ತಿತ್ತು ಎಂಬ ವಿಚಾರ ಅಲ್ಲಿ ಬೆಳೆಯುವುದಿಲ್ಲ. ಗ್ರಂಥಪರಂಪರೆ ಮೇಲಿನ ಜಾತಿಗಳ ಬರಹವನ್ನು ಆಧರಿಸಿತ್ತು. ಕಾರ್ಯವಾದ ಐಕ್ಯವನ್ನು ಮೊದಲೇ ನಂಬಿತ್ತು. ಎರಡೂ ಸೇರಿದಾಗ ಸಂಘರ್ಷದ ದನಿ ಕ್ಷೀಣಿಸಿತು. ಕೆಳಗಿನವರು ಮೇಲಿನವರನ್ನು ಅನುಕರಿಸುತ್ತಾರೆಂಬ ಸಿದ್ಧಾಂತ, ಅನುಕರಣೆಯನ್ನು ನಿರಾಕರಿಸಿದವರ ಚರಿತ್ರೆಯನ್ನು ಮರೆಮಾಡುತ್ತದೆಂಬ ದಲಿತ ಚಿಂತನೆಯ ಆಕ್ಷೇಪಕ್ಕೆ ಮೂಲ ಇಲ್ಲಿಯೇ ಇದೆ.

ಈ ಆಕ್ಷೇಪದ ಒಂದು ಭಾಗವನ್ನು ಶ್ರೀನಿವಾಸರು ಮುಂದೆ ತಾವೇ ಒಪ್ಪಿಕೊಂಡರು. 1970ರ ಏಪ್ರಿಲ್‌ನಲ್ಲಿ ಸ್ಟ್ಯಾನ್‌ಫರ್ಡಿನ ಅಧ್ಯಯನ ಕೇಂದ್ರದಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ರಾಂಪುರದ ಸಂಸ್ಕರಿತ ಟಿಪ್ಪಣಿಗಳೆಲ್ಲ ಆಹುತಿಯಾದ ಮೇಲೆ, ಮುಖ್ಯವಾಗಿ ನೆನಪಿನಿಂದ ಬರೆದ ‘ದಿ ರಿಮೆಂಬರ್ಡ್ ವಿಲೇಜ್’ (1976) ಕೃತಿಯಲ್ಲಿ ತಮ್ಮ ಬ್ರಾಹ್ಮಣ ಹುಟ್ಟು, ಊರಿನ ಪಟೇಲರ ಆಶ್ರಯ ಮತ್ತು ಹಳ್ಳಿಗರು ತಮ್ಮಿಂದ ನಿರೀಕ್ಷಿಸುತ್ತಿದ್ದ ನಡವಳಿಕೆ ತಮ್ಮ ತಿಳಿವಳಿಕೆಯನ್ನು ಹೇಗೆ ರೂಪಿಸಿತೆಂಬುದನ್ನು ಅವರು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಸಂಶೋಧಕನ ಹಿನ್ನೆಲೆಯೇ ಸಂಶೋಧನೆಯ ವಿಷಯವಾಗಬೇಕೆಂಬ ಈ ಅರಿವು ವಿದ್ಯಾರ್ಥಿದೆಸೆಯ ಕೃತಿಗಳಲ್ಲಿ ಇಲ್ಲ. ಅದು ಬರಲು ಸುಮಾರು ಮೂವತ್ತು ವರ್ಷಗಳು ಬೇಕಾದವು.

7

ಈ ಪರಿಶೀಲನೆಯ ಪ್ರಯೋಜನ ಒಬ್ಬ ವಿದ್ವಾಂಸರ ಜೀವನಚರಿತ್ರೆಗೆ ಸೀಮಿತವಲ್ಲ. ಕರ್ನಾಟಕದ ವಿಶ್ವವಿದ್ಯಾನಿಲಯಗಳಲ್ಲಿ ಸಮುದಾಯಗಳನ್ನು ಕುರಿತ ಪಿಎಚ್.ಡಿ. ಪ್ರಬಂಧಗಳು ಹೇರಳವಾಗಿ ಸಿದ್ಧವಾಗಿವೆ. ಅವುಗಳಲ್ಲಿ ಬಹಳಷ್ಟು ಹುಟ್ಟು, ಮದುವೆ, ಸಾವು, ಹಬ್ಬ, ಉಡುಗೆ, ಆಹಾರ ಎಂಬ ಅಧ್ಯಾಯಕ್ರಮವನ್ನು ಇಂದಿಗೂ ಬಿಟ್ಟಿಲ್ಲ. ಅವು 1944ರ ಮುಂಬಯಿ ಮಹಾಪ್ರಬಂಧ ನಿಂತ ಘಟ್ಟದಲ್ಲಿಯೇ ನಿಂತಿವೆ. ಅವುಗಳ ಲೇಖಕರು ಕ್ಷೇತ್ರಕ್ಕೆ ಹೋಗಿಲ್ಲವೆಂದಲ್ಲ; ಕ್ಷೇತ್ರದಿಂದ ತಂದದ್ದಕ್ಕೆ ಕೇಳಬೇಕಾದ ಪ್ರಶ್ನೆಯನ್ನು ಕೇಳಿಲ್ಲ. ಕ್ಷೇತ್ರಕಾರ್ಯವೆಂಬ ಮಾತೇ ಪ್ರಮಾಣಪತ್ರವಾಗಿಬಿಟ್ಟಾಗ, ಸಂಗ್ರಹ ಮತ್ತು ವಿಶ್ಲೇಷಣೆಗಳ ನಡುವಣ ಅಂತರ ಮಸುಕಾಗುತ್ತದೆ.

ಶ್ರೀನಿವಾಸರ ಉದಾಹರಣೆ ಇದಕ್ಕೆ ಎರಡು ಉತ್ತರಗಳನ್ನು ಕೊಡುತ್ತದೆ. ಸಂಗ್ರಹವನ್ನು ಹೀಗಳೆಯಬೇಕಾಗಿಲ್ಲ, ಚಿಣ್ಣಪ್ಪನವರ ಪಾಟ್ಟುಗಳಿಲ್ಲದೆ, ಎರಡು ಸಂಪುಟಗಳ ಆ ಹಳೆಯ ಪ್ರಬಂಧವಿಲ್ಲದೆ ಆಕ್ಸ್‌ಫರ್ಡಿನ ಪ್ರಶ್ನೆಗೆ ಆಧಾರವೇ ಇರುತ್ತಿರಲಿಲ್ಲ. ಅದೇ ರೀತಿ ಸಂಗ್ರಹವನ್ನೇ ಸಂಶೋಧನೆಯೆಂದು ಭಾವಿಸಬೇಕಾಗಿಯೂ ಇಲ್ಲ. ತನ್ನದೇ ಪ್ರಬಂಧವನ್ನು ಮೂರು ವರ್ಷಗಳೊಳಗೆ ಬೇರೊಂದು ಪ್ರಶ್ನೆಯಿಂದ ಮತ್ತೆ ಬಿಚ್ಚಿ ನೋಡುವ ಧೈರ್ಯವನ್ನು ಆ ವಿದ್ಯಾರ್ಥಿ ತೋರಿಸಿದ್ದಾನೆ. ಗ್ರಂಥಾಲಯಗಳಲ್ಲಿ ಬೆರಳಚ್ಚಿನ ಪ್ರತಿಗಳಾಗಿ ಉಳಿದಿರುವ ಅಸಂಖ್ಯ ಕನ್ನಡ ಪ್ರಬಂಧಗಳು ಅಂತಹ ಮರುಓದಿಗೆ ಅರ್ಹವಾದ ಸಾಮಗ್ರಿಗಳು. ಅವುಗಳ ಪುಟಗಳಲ್ಲಿ ಒಕ್ಕಲು, ತೆರ, ಕೂಡಾವಳಿ, ಊರಹಬ್ಬಗಳ ವಿವರಗಳಿವೆ; ಆ ವಿವರಗಳನ್ನು ಹೇಳಿದವರು ಯಾರು, ಹೇಳದೆ ಉಳಿದವರು ಯಾರು ಎಂಬ ಪ್ರಶ್ನೆಯಿಂದ ಹೊಸ ಓದು ಆರಂಭವಾಗಬೇಕು. ಶ್ರೀನಿವಾಸರು ವಿದ್ಯಾರ್ಥಿಯಾಗಿದ್ದಾಗ ಕೇಳದೆ ಬಿಟ್ಟ ಪ್ರಶ್ನೆ ಅದು. ಅದನ್ನು ಕೇಳುವುದು ಅವರ ನಂತರದ ಸಂಶೋಧಕರ ಹೊಣೆ.